ಮುಮ್ಮಡಿಯವರೂ ಶ್ಯಾನುಭೋಗರ ಬಸ್ತಾವೂ

ದೀಪ ಹಚ್ಚಿ, ಹಾರ ಹಾಕಿಸಿಕೊಂಡು, ನಾಲ್ಕು ಮಾತಾಡಿ ಅಂತ ಇತಿಹಾಸ ವಿಭಾಗದವರು ಕರೆದಿದ್ದಾರೆ. ಮೊದಲೆರಡು ಆಯಿತು. ನಾನು ಇತಿಹಾಸದ ಪ್ರೊಫೆಸರ್ ಅಲ್ಲ. ಕಂದಾಯ ಇಲಾಖೆಗೆ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಸರ್ವೀಸಿನ ಬಹುಪಾಲು ರೆಕಾರ್ಡ್ ರೂಮಿನಲ್ಲೇ ಕಳೆಯಿತು. ಹಳೆಯ ದಾಖಲೆಗಳ ಮೋಡಿ ಅಕ್ಷರ ಓದಲು ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಈಗಲೂ ಜನ ಮನೆ ಹುಡುಕಿಕೊಂಡು ಬರುತ್ತಾರೆ. ಈ ಕರೆಯೂ ಅದರಿಂದಲೇ ಬಂದಿರಬೇಕು.

ಬೆಳಿಗ್ಗೆಯೇ ಬಂದು ಒಂದು ಸುತ್ತು ನೋಡಿದೆ. ಹೆಸರಾಂತ ಜೀವಗಳನ್ನು ಮರಳಿ ತೂಗಿ ನೋಡುವ ಪ್ರದರ್ಶನ ಇದು. ಶಿವಪ್ಪನಾಯಕ, ಕೆಳದಿ ಚೆನ್ನಮ್ಮ, ಹೈದರ್, ಟಿಪ್ಪು, ಪೂರ್ಣಯ್ಯ, ಮುಮ್ಮಡಿ ಕೃಷ್ಣರಾಜ ಒಡೆಯರು, ಕಬ್ಬನ್ ಸಾಹೇಬರು, ಎಲ್ಲರೂ ಇದ್ದಾರೆ. ವಿದ್ಯಾರ್ಥಿಗಳು ಶ್ರಮಪಟ್ಟಿದ್ದಾರೆ, ಅಕ್ಷರ ದೊಡ್ಡದಾಗಿದೆ, ನನ್ನಂಥವರ ಕಣ್ಣಿಗೆ ಅದು ಉಪಕಾರ. ಟಿಪ್ಪು ಫಲಕದ ಮುಂದೆ ಜಗಳ ತಾನಾಗಿಯೇ ನಡೆಯುತ್ತದೆ, ಅದಕ್ಕೆ ನನ್ನ ಅಗತ್ಯವಿಲ್ಲ. ನಾನು ನಿಂತದ್ದು ಮುಮ್ಮಡಿಯವರ ಮುಂದೆ.

ಮುಮ್ಮಡಿಯವರ ಬಗ್ಗೆ ನನ್ನ ಆಯುಷ್ಯದಲ್ಲೇ ಎರಡು ತೀರ್ಪು ಕೇಳಿದ್ದೇನೆ. ನಾವು ಓದುವಾಗ ಅವರು ದುಂದುಗಾರ, ಸೋಮಾರಿ, ಆಳಲಾರದೆ 1831ರಲ್ಲಿ ರಾಜ್ಯ ಕಳೆದುಕೊಂಡವರು. ಈಗ ಕಲಾಪೋಷಕ, ಪಂಡಿತ, ಶ್ರೀತತ್ತ್ವನಿಧಿ ಗ್ರಂಥ ಬರೆಸಿದವರು, ಚದುರಂಗದ ಕುದುರೆ ನಡಿಗೆಯಲ್ಲಿ ಶ್ಲೋಕ ಕೂರಿಸಿದವರು, 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆ ತೆರೆಸಿದವರು. ಎರಡೂ ಸುಳ್ಳಲ್ಲ. ಆದರೆ ಎರಡು ತೀರ್ಪಿಗೂ ಸಾಕ್ಷಿ ಬಂದದ್ದು ದೊಡ್ಡವರ ಮನೆಯಿಂದ. ಮೊದಲನೆಯದು ಈಸ್ಟ್ ಇಂಡಿಯಾ ಕಂಪನಿಯವರ ಪತ್ರಗಳಿಂದ, ಎರಡನೆಯದು ಅರಮನೆಯ ಗ್ರಂಥಗಳಿಂದ.

ನಡೆದದ್ದನ್ನು ಸ್ವಲ್ಪ ಹೇಳುತ್ತೇನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದು ವರ್ಷದ ಮಗುವಾಗಿದ್ದ ಮುಮ್ಮಡಿಯವರನ್ನು ಪಟ್ಟಕ್ಕೆ ಕೂರಿಸಿದರು. ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ, ಅಂದರೆ 24.5 ಲಕ್ಷ ರೂಪಾಯಿ, ಕಂಪನಿಗೆ ಕೊಡಬೇಕು. ಮಳೆ ಬರಲಿ ಬಿಡಲಿ, ಅದರಲ್ಲಿ ಕಾಸು ಕಡಿಮೆಯಾಗುವಂತಿಲ್ಲ. ದಿವಾನ್ ಪೂರ್ಣಯ್ಯನವರು 1811ರವರೆಗೆ ನಡೆಸಿಕೊಂಡು ಹೋದರು. ಅವರು ಸರಿದ ಮೇಲೆ ಶರತ್ತು ಪದ್ಧತಿ ಬಲವಾಯಿತು. ಅಮಲ್ದಾರ ಇಷ್ಟು ಹಣ ಎತ್ತಿ ಕೊಡುತ್ತೇನೆ ಅಂತ ಬರೆದುಕೊಡಬೇಕು, ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಯಾವ ಅಮಲ್ದಾರ ತನ್ನ ಕೈಯಿಂದ ತುಂಬಿಯಾನು? ಇಲಾಖೆಯಲ್ಲಿ ಇದ್ದವನು ಹೇಳುತ್ತೇನೆ, ಟಾರ್ಗೆಟ್ ಮೇಲಿನಿಂದ ಇಳಿದರೆ ಅದರ ಭಾರ ನಿಲ್ಲುವುದು ಎಲ್ಲಕ್ಕಿಂತ ಕೆಳಗಿನವನ ಹೆಗಲ ಮೇಲೆ.

ಹಿಂದೆ ಕೆಳದಿ ನಾಯಕರದಾಗಿದ್ದ ನಮ್ಮ ನಗರ ಸೀಮೆಯವರಿಗೆ ಇದು ಹೆಚ್ಚು ಉರಿದದ್ದಕ್ಕೆ ಕಾರಣವಿದೆ. ಇಲ್ಲಿ ಶಿವಪ್ಪನಾಯಕನ ಶಿಸ್ತು ಇತ್ತು. ಮಣ್ಣಿನ ಗುಣ ನೋಡಿ, ಐದು ವರ್ಷ ಬೆಳೆದು ನೋಡಿ ಕಂದಾಯ ಕಟ್ಟಿದ ಅಂತ ಹಿರಿಯರು ಹೇಳುತ್ತಿದ್ದ ಲೆಕ್ಕ. ಹೀಗಿರುವಾಗ 1830ರಲ್ಲಿ ರೈತರು ಕೂಟ ಕಟ್ಟಿದರು. ಊರಿಂದ ಊರಿಗೆ ಓಲೆ ಹೋಯಿತು, ಕಂದಾಯ ಕೊಡುವುದಿಲ್ಲ ಅಂದರು. ಕೆಳದಿ ವಂಶದವನು ನಾನೇ ಅಂತ ಬೂದಿ ಬಸವಪ್ಪ ಎದ್ದುಬಂದ, ತರೀಕೆರೆಯ ಪಾಳೆಯಗಾರರು ಕೈಜೋಡಿಸಿದರು. ಬಸವಪ್ಪ ನಿಜವಾಗಿ ಯಾರು ಅನ್ನುವುದರ ಮೇಲೆ ಪುಟಗಟ್ಟಲೆ ಬರೆದಿದ್ದಾರೆ. ಕೂಟಕ್ಕೆ ಬಂದ ರೈತರು ಯಾರು ಅನ್ನುವುದಕ್ಕೆ ಅದರ ಕಾಲುಭಾಗವೂ ಇಲ್ಲ.

ಇನ್ನು ಕಂಪನಿಯವರ ವಿಚಾರ. ಗವರ್ನರ್ ಜನರಲ್ ಬೆಂಟಿಂಕ್ 1831ರ ಸೆಪ್ಟೆಂಬರ್‌ನಲ್ಲಿ ಪತ್ರ ಬರೆದು ರಾಜರ ಕೈಯಿಂದ ಆಡಳಿತ ತೆಗೆದುಕೊಂಡರು. ಅಕ್ಟೋಬರ್‌ನಲ್ಲಿ ರಾಜರು ಗದ್ದಲವಿಲ್ಲದೆ ಒಪ್ಪಿಸಿದರು. ಯಾಕೆ ದಂಗೆಯಾಯಿತು ಅಂತ ವಿಚಾರಿಸಲು ಹಾಕರ್, ಮಾರಿಸನ್, ಮ್ಯಾಕ್ಲಿಯಡ್, ಕಬ್ಬನ್ ಈ ನಾಲ್ವರ ಸಮಿತಿ ಕೂತದ್ದು ಅದಾದ ಮೇಲೆ, ವರದಿ ಬಂದದ್ದು 1833ರಲ್ಲಿ. ಆರ್ಡರ್ ಮೊದಲು, ಎನ್‌ಕ್ವೈರಿ ಆಮೇಲೆ! ನಮ್ಮ ಕಚೇರಿಯಲ್ಲಿ ಯಾವ ಗುಮಾಸ್ತನನ್ನೂ ಹೀಗೆ ಸಸ್ಪೆಂಡ್ ಮಾಡಿ ದಕ್ಕಿಸಿಕೊಳ್ಳಲು ಆಗುತ್ತಿರಲಿಲ್ಲ. ಆಮೇಲೆ ಬೆಂಟಿಂಕರಿಗೇ ಅನುಮಾನ ಬಂತು. ಒಪ್ಪಂದದ ಪ್ರಕಾರ ಅಷ್ಟೂ ರಾಜ್ಯ ತೆಗೆದುಕೊಳ್ಳಬಹುದಿತ್ತೇ ಅಂತ. 1834ರಲ್ಲಿ ಒಂದು ಭಾಗ ರಾಜರಿಗೆ ಮರಳಿ ಕೊಡೋಣ ಅಂದರು, ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ಕಬ್ಬನ್ ಸಾಹೇಬರು ಕಮಿಷನರಾಗಿ 1861ರವರೆಗೆ ಆಳಿದರು. ಮುಮ್ಮಡಿಯವರು ಅರ್ಜಿ ಮೇಲೆ ಅರ್ಜಿ ಬರೆದರು, 1865ರಲ್ಲಿ ದತ್ತು ತೆಗೆದುಕೊಂಡರು, 1867ರಲ್ಲಿ ಬ್ರಿಟಿಷರು ದತ್ತಕವನ್ನು ಒಪ್ಪಿದರು, 1868ರಲ್ಲಿ ರಾಜರು ತೀರಿಕೊಂಡರು. ರಾಜ್ಯ ಮರಳಿ ಬಂದದ್ದು 1881ರಲ್ಲಿ. ಅಷ್ಟು ವರ್ಷ ಹಟ ಹಿಡಿದು ಬರೆದವರನ್ನು ಸೋಮಾರಿ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ. ಹಾಗಂತ ನಗರದ ರೈತರ ಗೋಳಿಗೆ ಅವರು ಹೊಣೆಯಲ್ಲ ಅಂತಲೂ ಹೇಳಲಾರೆ. ಶರತ್ತು ಬರೆಸಿಕೊಂಡದ್ದು ಅವರ ಸರ್ಕಾರವೇ.

ಈಗ ನನ್ನ ಹಳೆಯ ಹುಚ್ಚಿಗೆ ಬರುತ್ತೇನೆ. ಅಧ್ಯಾಪಕರು ಗಡಿಯಾರ ನೋಡುತ್ತಿದ್ದಾರೆ, ಸ್ವಲ್ಪ ತಡೆದುಕೊಳ್ಳಬೇಕು.

ಗುಮಾಸ್ತನಾಗಿ ಸೇರಿದ ಹೊಸತರಲ್ಲಿ ನಮ್ಮ ರೆಕಾರ್ಡ್ ಕೀಪರರಿಗೆ ಮಧ್ಯಾಹ್ನ ಊಟವಾದ ಮೇಲೆ ಮಾತಿಗೆ ಜನ ಬೇಕಿತ್ತು. ನನ್ನನ್ನು ಕೂರಿಸಿಕೊಂಡು ಮೋಡಿ ಕಲಿಸಿದರು. ಕೆಂಪು ಬಟ್ಟೆಯ ಬಸ್ತಾ ಬಿಚ್ಚುವುದು, ಬೇವಿನ ಸೊಪ್ಪು ಉದುರಿಸುವುದು, ಗೆದ್ದಲು ಹಿಡಿದ ಹಾಳೆಯನ್ನು ಉಸಿರು ಬಿಗಿಹಿಡಿದು ತಿರುವುವುದು. ಕಡತವನ್ನು ಮೊದಲು ಮುಟ್ಟಿದ್ದೂ ಅಲ್ಲೇ. ಈ ಮಕ್ಕಳು ನೋಡಿರಲಿಕ್ಕಿಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಕೆಂದರೆ ಒರೆಸಿ ಮತ್ತೆ ಬರೆಯಬಹುದು. ಮುಂದೆ ಒಂದು ಕಚೇರಿಯಲ್ಲಿ, ಯಾವುದೆಂದು ಹೇಳುವುದಿಲ್ಲ, ಹೊಸ ಕಟ್ಟಡಕ್ಕೆ ಸಾಮಾನು ಸಾಗಿಸುವಾಗ ಹಳೆಯ ಕಾಗದವನ್ನು ತೂಕಕ್ಕೆ ಹಾಕಿದರು. ಕಡತಗಳನ್ನು ಕರಿ ಚಿಂದಿ ಅಂತ ಅಂಗಳದಲ್ಲೇ ಸುಟ್ಟರು. ನಾನು ರಜೆಯ ಮೇಲಿದ್ದೆ. ಇದ್ದಿದ್ದರೂ ನನ್ನ ಮಾತು ನಡೆಯುತ್ತಿತ್ತೋ ಇಲ್ಲವೋ.

ಕಚೇರಿಯ ಹೊರಗೂ ಕಾಗದವಿದೆ. 1961ರ ಕಾನೂನು ಬಂದು, 1963ರಿಂದ ವಂಶಪಾರಂಪರ್ಯದ ಪಟೇಲಿಕೆ, ಶ್ಯಾನುಭೋಗಿಕೆ ಹೋಯಿತು. ಚಾಲ್ತಿ ಲೆಕ್ಕ ಸರ್ಕಾರಕ್ಕೆ ಬಂತು, ತಾತ ಮುತ್ತಾತಂದಿರ ಬಸ್ತಾ ಬಹಳ ಕಡೆ ಅಟ್ಟದ ಮೇಲೇ ಉಳಿಯಿತು. ಕೆಳದಿ ಗುಂಡಾಜೋಯಿಸರು ಮನೆಮನೆಗೆ ಹೋಗಿ ಇಂಥವನ್ನು ಕೂಡಿಸಿ ಕೆಳದಿಯಲ್ಲಿ ಮ್ಯೂಸಿಯಂ ಕಟ್ಟಿದರು. ಎಲ್ಲ ಊರಿಗೂ ಒಬ್ಬ ಜೋಯಿಸರು ಸಿಗುವುದಿಲ್ಲವಲ್ಲ.

ಒಮ್ಮೆ ಮಲೆನಾಡಿನ ಒಬ್ಬ ರೈತರು ಹಿಸ್ಸೆ ಕೇಸಿಗೆ ಬೇಕಾದ ಕಾಗದ ಓದಿಸಲು ಬಸ್ತಾ ತಂದರು. ಅವರಿಗೆ ಬೇಕಾದದ್ದು ಸಿಕ್ಕಲಿಲ್ಲ. ನನಗೆ ಒಂದು ಹಾಳೆ ಸಿಕ್ಕಿತು. ಅಡಿಕೆ ತೋಟದವರ ಪಟ್ಟಿ, ಕೆಲವು ಹೆಸರಿನ ಮುಂದೆ ಬಾಕಿ, ಕೆಲವು ಹೆಸರಿನ ಮುಂದೆ ಪರಾರಿ. ಕೆಳಗೆ ವಿಕೃತಿ ಸಂವತ್ಸರ ಅಂತಿದೆ. ವಿಕೃತಿ ಅಂದರೆ 1830, ನಿಜ, ಆದರೆ 1890 ಕೂಡ ವಿಕೃತಿಯೇ. ಸಂವತ್ಸರ ನಂಬಿ ಕುಣಿಯಬಾರದು. ಲೆಕ್ಕ ರೂಪಾಯಿಯಲ್ಲಿರಲಿಲ್ಲ, ವರಹ ಹಣದಲ್ಲಿತ್ತು. ಆದ್ದರಿಂದ 1890 ಅಲ್ಲ ಅಂತ ಧೈರ್ಯ ಮಾಡಿದೆ. ಬಾಕಿಯವರಿಗೂ ಪರಾರಿಯಾದವರಿಗೂ ಒಂದೇ ದರ ಹಾಕಿತ್ತು. ಓಡಿಹೋದವನ ಪಾಲು ಉಳಿದವರ ಮೇಲೆ ಬಿತ್ತೇ? ಅದಕ್ಕೆ ಮುಂದಿನ ಹಾಳೆ ಬೇಕು. ಅದನ್ನು ಒಲೆ ಹೊತ್ತಿಸಲು ಬಳಸಿದ್ದೆವು ಅಂತ ಆ ಮನೆಯ ಅಜ್ಜಿ ಆಮೇಲೆ ಹೇಳಿದರಂತೆ.

ಮುಮ್ಮಡಿಯವರ ಮರುತೂಕಕ್ಕೆ ನನಗೆ ಬೇಕಾಗಿರುವುದು ಅಂಥ ಹಾಳೆ. ಅಮಲ್ದಾರರ ಮೊಕ್ಕಾಮಿಗೆ ಎಣ್ಣೆ, ಸೌದೆ, ಹುಲ್ಲು ಯಾರ ಮನೆಯಿಂದ ಹೋಯಿತು, ಯಾವ ತೋಟಕ್ಕೆ ಯಾವ ವರ್ಷ ಎಷ್ಟು ಏರಿತು, 1831ರ ನಂತರ ಇಳಿಯಿತೋ ಇಲ್ಲವೋ. ಕಮಿಷನರು ಬಂದ ಮೇಲೆ ರೈತ ಸುಖವಾಗಿದ್ದ ಅನ್ನುವುದಕ್ಕೆ ಸಾಕ್ಷಿ ಕಮಿಷನರ ವರದಿಯೇ ಆದರೆ ಹೇಗೆ? ಅರಮನೆಯ ಪರ ವಹಿಸುವವರೂ ಅದೇ ವರದಿಯನ್ನು ತಿರುವಿ ಹಾಕಿ ವಾದ ಮಾಡುತ್ತಾರೆ. ಮೂರನೆಯ ಸಾಕ್ಷಿಯನ್ನು ಯಾರೂ ಕಟಕಟೆಗೆ ಕರೆದಿಲ್ಲ.

ಅಧ್ಯಾಪಕರಲ್ಲಿ ನನ್ನ ಬೇಡಿಕೆ ಇಷ್ಟೇ. ಮುಂದಿನ ವರ್ಷ ಪ್ರದರ್ಶನ ಮಾಡುವುದಾದರೆ ಇನ್ನೊಬ್ಬ ರಾಜನ ಫಲಕ ಬೇಡ. ಆ ದುಡ್ಡಿನಲ್ಲಿ ಒಂದಿಬ್ಬರು ಹುಡುಗರಿಗೆ ಮೋಡಿ ಕಲಿಸಿ. ಸಂಬಳ ಬೇಡ, ನಾನೇ ಬರುತ್ತೇನೆ, ಬಸ್ ಚಾರ್ಜು ಕೊಟ್ಟರೆ ಸಾಕು. ಊರಿನವರಲ್ಲಿ ಇನ್ನೊಂದು. ಅಟ್ಟದ ಮೇಲೆ ಬಸ್ತಾ ಇದ್ದರೆ ಬಿಸಿಲಿಗೆ ಹಾಕಬೇಡಿ, ಅಂಟು ಹಚ್ಚಬೇಡಿ, ದಮ್ಮಯ್ಯ, ಲ್ಯಾಮಿನೇಷನ್ ಮಾಡಿಸಬೇಡಿ. ಪ್ಲಾಸ್ಟಿಕ್ ಕಾಗದಕ್ಕೆ ಕಚ್ಚಿಕೊಂಡರೆ ಬಿಡಿಸಲಾಗದು, ಒಳಗೇ ಹಾಳಾಗುತ್ತದೆ. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ತನ್ನಿ. ಇಂದು ಮಧ್ಯಾಹ್ನ ಮೂರರವರೆಗೆ ಲೈಬ್ರರಿಯ ಪಕ್ಕದ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂತಿರುತ್ತೇನೆ. ಓದಿ ಹೇಳುತ್ತೇನೆ, ಫೋಟೋ ತೆಗೆದುಕೊಂಡು ಕಾಗದ ನಿಮಗೇ ವಾಪಸು ಕೊಡುತ್ತೇವೆ. ಜಮೀನಿನ ತಕರಾರು ಇದ್ದವರು ಮಾತ್ರ ಮೊದಲೇ ಹೇಳಿಬಿಡಿ, ಕೋರ್ಟಿಗೆ ಸಾಕ್ಷಿ ಹೇಳಲು ನಾನು ಬರುವುದಿಲ್ಲ.

ಉದ್ಘಾಟನೆಯಾಯಿತು ಅಂತ ಬಾಯಿಬಿಟ್ಟು ಹೇಳಬೇಕಂತೆ. ಉದ್ಘಾಟನೆಯಾಯಿತು, ಒಳಗೆ ಹೋಗಿ ನೋಡಿ.