ಪರ್ಚ್ ಮೀನಿಗೆ ತಕ್ಕ ಗಾಳದ ದಾರ



ಗಾಳ ಹಾಕಿ ದಡದಲ್ಲಿ ಕುಳಿತವನನ್ನು ಕೆಲಸವಿಲ್ಲದವನೆಂದು ಎಣಿಸುವುದು ನಮ್ಮಲ್ಲಿ ವಾಡಿಕೆ. ಇಂಗ್ಲೆಂಡಿನಲ್ಲಿ ಅದೊಂದು ವಿದ್ಯೆ. ಲಂಡನ್ನಿನಲ್ಲಿ ಜವಳಿ ವ್ಯಾಪಾರ ಮಾಡಿದ್ದ ಐಸಾಕ್ ವಾಲ್ಟನ್ನನು 1653ರಲ್ಲಿ ಆ ವಿದ್ಯೆಯನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು. ಅದು ಇಂದಿಗೂ ಅಚ್ಚಾಗುತ್ತಿದೆ. ಅದರಲ್ಲಿ ಪರ್ಚ್ ಎಂಬ ಮೀನಿನ ವಿಚಾರವೂ ಉಂಟು, ದಾರ ಹೊಸೆಯುವ ಕ್ರಮವೂ ಉಂಟು. ಈ ಸಂಜೆ ನಾವು ಅವೆರಡನ್ನೂ ಕೂಡಿಸಿ, ಪರ್ಚ್ ಮೀನಿಗೆ ಎಂಥ ದಾರವನ್ನು ಆರಿಸಬೇಕೆಂಬುದನ್ನು ವಿಚಾರಮಾಡೋಣ.

ಪರ್ಚ್ ನಮ್ಮ ಹೊಳೆಗಳ ಮೀನಲ್ಲ. ಯೂರೋಪಿನಿಂದ ಸೈಬೀರಿಯದವರೆಗೆ ತಣ್ಣನೆಯ ಸರೋವರಗಳಲ್ಲಿಯೂ ಮೆಲ್ಲನೆ ಹರಿಯುವ ನದಿಗಳಲ್ಲಿಯೂ ಅದರ ವಾಸ. ಹಸುರು ಮೈ, ಪಕ್ಕಗಳಲ್ಲಿ ಇಳಿದ ಕಪ್ಪು ಪಟ್ಟೆಗಳು, ಕೆಂಪೇರಿದ ಕೆಳರೆಕ್ಕೆಗಳು, ಬೆನ್ನಮೇಲೆ ಮುಳ್ಳಿನ ಸಾಲು. ನೋಡಲು ಬಹು ಚೆಲುವಾದ ಪ್ರಾಣಿ. ಗುಂಪುಗೂಡಿ ಕಿರುಮೀನುಗಳನ್ನು ಕಣ್ಣಿನಿಂದ ಕಂಡು ಬೇಟೆಯಾಡುತ್ತದೆ. ಹೆಚ್ಚಿನವು ಅರ್ಧ ಪೌಂಡನ್ನು ದಾಟುವುದಿಲ್ಲ. 2 ಪೌಂಡಿನದನ್ನು ಹಿಡಿದವನು ಅದನ್ನು ಗೆಳೆಯರಿಗೆ ಹೇಳುತ್ತಾನೆ. 4 ಪೌಂಡಿನದನ್ನು ಹಿಡಿದವನು ಆಯುಷ್ಯವೆಲ್ಲಾ ಹೇಳುತ್ತಾನೆ.

ವಾಲ್ಟನ್ನನ ಕಾಲದಲ್ಲಿ ಕುದುರೆಯ ಬಾಲದ ಕೂದಲನ್ನು ಹೊಸೆದು ದಾರ ಮಾಡುತ್ತಿದ್ದರು. ಮುಂದೆ ಗಾಳದ ಸಮೀಪದ ತುಂಡಿಗೆ ರೇಷ್ಮೆಹುಳುವಿನ ನರವು ಬಳಕೆಗೆ ಬಂದಿತು. ರೇಷ್ಮೆಯನ್ನು ಬಲ್ಲ ನಮ್ಮ ಸೀಮೆಯವರಿಗೆ ಇದು ಕೌತುಕವಾಗಿ ತೋರಬಹುದು. ಸ್ಪೇಯಿನ್ ದೇಶದ ಮುರ್ಸಿಯ ಪ್ರಾಂತ್ಯದಲ್ಲಿ ಹಣ್ಣಾದ ಹುಳುವನ್ನು ಗೂಡು ಕಟ್ಟಗೊಡದೆ ವಿನಿಗರಿನಲ್ಲಿ ನೆನೆಹಾಕಿ, ಅದರ ಒಡಲಿನ ರೇಷ್ಮೆಯ ಚೀಲವನ್ನು ಕೈಯಿಂದ ಎಳೆದು ಒಂದೇ ಎಳೆಯ ಗಟ್ಟಿ ತಂತಿಯನ್ನಾಗಿ ಮಾಡುತ್ತಿದ್ದರು. ಒಣಗಿದಾಗ ಅದು ಪಟ್ಟನೆ ಮುರಿಯುವಂಥದು. ನೀರಿನಲ್ಲಿ ನೆನೆಸಿಯೇ ಗಂಟು ಹಾಕಬೇಕಾಗಿತ್ತು. ಅಮೆರಿಕದಲ್ಲಿ 1935ರಲ್ಲಿ ನೈಲಾನ್ ಹುಟ್ಟಿದ ಮೇಲೆ ಕೂದಲೂ ನರವೂ ಕ್ರಮವಾಗಿ ಮೂಲೆ ಸೇರಿದುವು.

ಇಂದು ಅಂಗಡಿಗೆ ಹೋದವನ ಮುಂದೆ ಮೂರು ಬಗೆಯ ದಾರಗಳಿವೆ. ಮೊದಲನೆಯದು ನೈಲಾನ್. ಇದು ಎಳೆದರೆ ಹಿಗ್ಗುತ್ತದೆ, ಬೆಲೆಯೂ ಕಡಿಮೆ. ಆದರೆ ನೀರನ್ನು ಹೀರಿ ಸ್ವಲ್ಪ ಬಲಗುಂದುತ್ತದೆ, ಬಿಸಿಲಿಗೂ ಕೆಡುತ್ತದೆ. ಎರಡನೆಯದು ಫ್ಲೂರೋಕಾರ್ಬನ್. ಬೆಳಕನ್ನು ಬಾಗಿಸುವ ಗುಣದಲ್ಲಿ ನೀರಿನ ಅಂಕ 1.33, ಇದರದು ಸುಮಾರು 1.42, ನೈಲಾನಿನದು 1.5ಕ್ಕೂ ಮೇಲೆ. ಆದುದರಿಂದ ತಿಳಿನೀರಿನಲ್ಲಿ ಇದು ಮೀನಿನ ಕಣ್ಣಿಗೆ ಕಡಿಮೆ ಬೀಳುತ್ತದೆ. ಭಾರವಾಗಿರುವುದರಿಂದ ಬೇಗ ಮುಳುಗುತ್ತದೆ. ಮೂರನೆಯದು ಪಾಲಿಥೀನಿನ ಸಪೂರ ಎಳೆಗಳನ್ನು ಹೆಣೆದ ಹುರಿ. ಇದು ಕೂದಲಷ್ಟು ತೆಳುವಾದರೂ ಬಲು ಗಟ್ಟಿ, ಹಿಗ್ಗುವುದೇ ಇಲ್ಲವೆನ್ನಬಹುದು. ಮೂವತ್ತು ಗಜದಾಚೆ ಮೀನು ಮುಟ್ಟಿದ್ದೂ ಬೆರಳಿಗೆ ತಿಳಿಯುತ್ತದೆ.

ಹಾಗಾದರೆ ಎಲ್ಲಕ್ಕಿಂತ ಗಟ್ಟಿಯಾದುದನ್ನೇ ಕೊಳ್ಳಬಾರದೇಕೆ? ಹೊಸಬರು ಮಾಡುವ ಮೊದಲ ತಪ್ಪೇ ಇದು. ಪರ್ಚಿನ ಬಾಯಿ ದೊಡ್ಡದು, ಆದರೆ ಅದರ ಅಂಚು ತೆಳುಪೊರೆ. ಸಿಕ್ಕಿದ ಮೀನು ತಲೆಯನ್ನು ಒದರುತ್ತದೆ. ಹಿಗ್ಗದ ಹುರಿಯಿಂದ ಬಿಗಿಯಾಗಿ ಎಳೆದರೆ ಪೊರೆ ಹರಿದು ಗಾಳ ಕಳಚುತ್ತದೆ. ದಪ್ಪದಾರವಾದರೋ ಎರೆಯು ಸಹಜವಾಗಿ ಆಡದಂತೆ ಮಾಡುತ್ತದೆ. ಮೀನನ್ನು ದಾರದಿಂದ ನೀರಿನ ಹೊರಕ್ಕೆ ಎತ್ತುವುದಿಲ್ಲ. ಬಾಗುವ ಕೋಲು ಅದನ್ನು ದಣಿಸುತ್ತದೆ, ಕೈಬಲೆ ಎತ್ತುತ್ತದೆ. ಆದುದರಿಂದ ಬೆಂಡು ಕಟ್ಟಿ ಎರೆಹುಳುವಿನಿಂದ ಹಿಡಿಯುವವನಿಗೆ 4 ಪೌಂಡಿನ ನೈಲಾನ್ ಸಾಕು. ಗಿಡಬಳ್ಳಿಗಳು ಒತ್ತಾಗಿರುವಲ್ಲಿ 6 ಪೌಂಡು. ಕೃತಕ ಮೀನನ್ನು ದೂರಕ್ಕೆ ಎಸೆಯುವವನು ತೆಳುವಾದ ಹುರಿಯ ತುದಿಗೆ ಒಂದೆರಡು ಗಜ ಫ್ಲೂರೋಕಾರ್ಬನ್ ಸೇರಿಸಿಕೊಂಡು, ಮೃದುವಾದ ಕೋಲನ್ನು ಹಿಡಿಯಲಿ.

ಇಷ್ಟಕ್ಕೇ ನಮ್ಮ ಲೆಕ್ಕ ಮುಗಿಯಿತೆಂದು ತಿಳಿದಿದ್ದೆವು. ಇಂಗ್ಲೆಂಡಿನ ಒಂದು ಕಾಲುವೆಯ ದಡದಲ್ಲಿ ನಮಗೆ ಪಾಠವಾಯಿತು. ಬೆಂಡು ಮುಳುಗಿತು, ಎಳೆದೆವು, ಕ್ಷಣಮಾತ್ರದಲ್ಲಿ ದಾರ ಹಗುರವಾಯಿತು. ತುದಿಯನ್ನು ನೋಡಿದರೆ ಕತ್ತರಿಯಿಂದ ಕತ್ತರಿಸಿದ ಹಾಗಿತ್ತು. ಪರ್ಚಿಗೆ ಅಂಥ ಹಲ್ಲಿಲ್ಲ. ಅದೇ ನೀರಿನಲ್ಲಿ ವಾಸಿಸುವ ಪೈಕ್ ಎಂಬ ದೊಡ್ಡ ಮೀನಿನ ಕೆಲಸವದು. ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು ನಮ್ಮ ನಷ್ಟಕ್ಕಾಗಿ ಮರುಗಲಿಲ್ಲ. ಗಂಟಲಲ್ಲಿ ಗಾಳವನ್ನಿಟ್ಟುಕೊಂಡು ಹೋದ ಮೀನಿಗಾಗಿ ಮರುಗಿದರು. ನಾವು ನಾಚಿದೆವು. ಪೈಕ್ ಇರುವ ನೀರಿನಲ್ಲಿ ಗಾಳದ ಮೇಲೆ ಒಂದು ಗೇಣಿಗೆ ಕಡಮೆಯಿಲ್ಲದ ಸಪೂರ ಉಕ್ಕಿನ ತಂತಿಯನ್ನು ಕಟ್ಟಬೇಕು. ತಂತಿಯನ್ನು ಕಂಡು ಕೆಲವು ಪರ್ಚುಗಳು ಹಿಂದೆಗೆಯಬಹುದು. ಹಿಂದೆಗೆಯಲಿ. ನಾಲ್ಕು ಮೀನು ಕಡಿಮೆಯಾದರೆ ಬುಟ್ಟಿ ಹಗುರವಾದೀತು. ನಮ್ಮ ಗಾಳದಿಂದ ಒಂದು ಜೀವ ತಿಂಗಳುಗಟ್ಟಲೆ ನರಳಿದರೆ ಮನಸ್ಸು ಭಾರವಾಗುತ್ತದೆ.

ಎಂಥ ದಾರವಾದರೂ ಗಂಟಿನಲ್ಲಿಯೇ ದುರ್ಬಲ. ಬಿಗಿಯುವ ಮೊದಲು ಗಂಟನ್ನು ಒದ್ದೆಮಾಡಬೇಕು. ಒಣಗಂಟು ಉಜ್ಜಿದ ಕಾವಿಗೆ ಸುಡುತ್ತದೆ. ಹುರಿಯು ಜಾರುವುದರಿಂದ ಅದನ್ನು ಇಮ್ಮಡಿಸಿ ಕಟ್ಟಬೇಕು. ಕಲ್ಲಿಗೆ ಉಜ್ಜಿದ ತುದಿಯನ್ನು ಬೆರಳಿನಿಂದ ಸವರಿ ನೋಡಿ, ತರಿಯಾಗಿದ್ದರೆ ಒಂದು ಮೊಳ ಕತ್ತರಿಸಿಬಿಡಬೇಕು.

ಕತ್ತರಿಸಿದ ತುಂಡನ್ನು ಏನುಮಾಡುವುದು? ಕುದುರೆಕೂದಲೂ ಹುಳುವಿನ ನರವೂ ಮಣ್ಣಿನಲ್ಲಿ ಮಣ್ಣಾಗುತ್ತಿದ್ದುವು. ನೈಲಾನ್ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ, ಹಕ್ಕಿಗಳ ಕಾಲಿಗೆ ತೊಡರುತ್ತದೆ. ದಾರಕ್ಕೆ ಕಟ್ಟುತ್ತಿದ್ದ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಬ್ರಿಟನ್ನಿನಲ್ಲಿ 1987ರಲ್ಲಿ ಆ ಸಣ್ಣ ಗುಂಡುಗಳ ಮಾರಾಟವನ್ನು ನಿಷೇಧಿಸಿದರು. ದಾರದ ತುಂಡಿಗೆ ಅಂಥ ಕಾನೂನು ಸಾಲದು. ಅದನ್ನು ಸುತ್ತಿ ಜೇಬಿನಲ್ಲಿಟ್ಟುಕೊಳ್ಳುವ ಅಭ್ಯಾಸ ಬೇಕು. ನಮ್ಮ ಕೆರೆಗಳ ಏರಿಯ ಮೇಲೆ ಗಾಳ ಹಿಡಿದು ಕೂರುವವರಿಗೂ ಈ ಮಾತು ಸಲ್ಲುತ್ತದೆ.

ದಾರವನ್ನು ಆರಿಸುವವನು ಅದೆಷ್ಟು ಬಲವೆಂದು ಕೇಳುವುದಕ್ಕೆ ಮೊದಲು, ಅದು ಹರಿದರೆ ಕಷ್ಟ ಯಾರಿಗೆಂದು ಕೇಳಿಕೊಳ್ಳಲಿ. ಆ ಪ್ರಶ್ನೆಗೆ ಉತ್ತರ ದೊರೆತರೆ ತಕ್ಕ ದಾರವು ತಾನಾಗಿ ಕೈಗೆ ಬರುತ್ತದೆ.