ಮಳಖೇಡದ ಅರಸನೂ ಮೂರನೆಯ ಆಟವೂ

(ವೆಸ್ಟ್ ವಿಂಡ್ಸರ್‌ನಲ್ಲಿ ನಡೆದ ಕನ್ನಡ ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಕನ್ನಡದ ಸಭೆಯಲ್ಲಿ ಗಣಕಯಂತ್ರದ ಆಟವೊಂದರ ವಿಮರ್ಶೆಯೇ ಎಂದು ಹಿರಿಯರು ಹುಬ್ಬೇರಿಸಿದರೆ ಅದು ಸಹಜ. ಆದರೆ ಈ ವಿಷಯ ನಮ್ಮ ಮನೆಗಳ ಒಳಗೇ ಇದೆ. ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ಸಂಜೆಯ ರೈಲಿಳಿದು ತಂದೆತಾಯಿಗಳು ಮನೆ ಸೇರುವ ಹೊತ್ತಿಗೆ ಹೈಸ್ಕೂಲಿನ ಮಕ್ಕಳು ಪರದೆಯ ಮುಂದೆ ರಾಜ್ಯ ಕಟ್ಟುತ್ತಲೋ ಕೆಡಹುತ್ತಲೋ ಕುಳಿತಿರುವುದುಂಟು. ವಾರಕ್ಕೊಮ್ಮೆ ಕನ್ನಡ ತರಗತಿಯಲ್ಲಿ ನಾವು ಹೇಳಿಕೊಡುವ ಇತಿಹಾಸಕ್ಕಿಂತ ಆ ಪರದೆ ಹೇಳುವ ಇತಿಹಾಸವೇ ಅವರ ಮನಸ್ಸಿನಲ್ಲಿ ಹೆಚ್ಚು ಕಾಲ ನಿಲ್ಲಬಹುದು. ಆದ್ದರಿಂದ ಆಟದ ಹೊಸ ಆವೃತ್ತಿ ಹಳೆಯದಕ್ಕಿಂತ ಉತ್ತಮವೇ ಎಂಬುದು ಕೇವಲ ಹುಡುಗರ ಪ್ರಶ್ನೆಯಲ್ಲ, ನಮ್ಮದೂ ಹೌದು.

ನಾನು ಆರಿಸಿಕೊಂಡಿರುವುದು ‘ಕ್ರುಸೇಡರ್ ಕಿಂಗ್ಸ್’ ಎಂಬ ಆಟದ ಮೂರನೆಯ ಆವೃತ್ತಿಯನ್ನು. ಸ್ವೀಡನ್ ದೇಶದ ಪ್ಯಾರಡಾಕ್ಸ್ ಸಂಸ್ಥೆ ಇದರ ಮೊದಲನೆಯದನ್ನು 2004ರಲ್ಲಿ, ಎರಡನೆಯದನ್ನು 2012ರಲ್ಲಿ, ಮೂರನೆಯದನ್ನು 2020ರ ಸೆಪ್ಟೆಂಬರಿನಲ್ಲಿ ಹೊರತಂದಿತು. ಮಧ್ಯಯುಗದ ಒಂದು ರಾಜವಂಶವನ್ನು ತಲೆಮಾರಿನಿಂದ ತಲೆಮಾರಿಗೆ ನಡೆಸಿಕೊಂಡು ಹೋಗುವುದೇ ಆಟದ ತಿರುಳು. ಆಡುವವನು ಒಬ್ಬ ಅರಸನ ಪಾತ್ರ ವಹಿಸುತ್ತಾನೆ; ವಿವಾಹ, ಸಂಧಿ, ಯುದ್ಧ, ಒಳಸಂಚುಗಳಿಂದ ರಾಜ್ಯವನ್ನು ಕಾಯುತ್ತಾನೆ; ಆ ಅರಸ ತೀರಿಕೊಂಡರೆ ಅವನ ಉತ್ತರಾಧಿಕಾರಿಯಾಗಿ ಮುಂದುವರಿಯುತ್ತಾನೆ. ಕೊಲೆ, ವ್ಯಭಿಚಾರಗಳ ಪ್ರಸಂಗಗಳೂ ಇರುವುದರಿಂದ ಚಿಕ್ಕ ಮಕ್ಕಳಿಗೆ ಇದು ತಕ್ಕುದಲ್ಲ.

ಹೊಸದನ್ನು ಹಳೆಯದರೊಡನೆ ತೂಗಲು ಒಂದು ತಕ್ಕಡಿ ಬೇಕು. ಅದನ್ನು ಮೈಸೂರಿನಿಂದಲೇ ತರೋಣ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ಮಹಾರಸಿಕರು; ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಎಂಬ ಭಾಗ ಆಟಗಳ ವಿಚಾರವನ್ನೇ ಹೇಳುತ್ತದೆ. ದಶಾವತಾರ ಗಂಜೀಫಾದಲ್ಲಿ 120 ಎಲೆಗಳಿದ್ದರೆ, ಮುಮ್ಮಡಿಯವರ ಆಸ್ಥಾನದಲ್ಲಿ ಹುಟ್ಟಿದ ಗಂಜೀಫಾಗಳಲ್ಲಿ ಎಲೆಗಳ ಸಂಖ್ಯೆ 360ರವರೆಗೂ ಬೆಳೆಯಿತು. ಅದೇ ದೊರೆ ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಸಮಸ್ಯೆಯನ್ನೂ ಬಿಡಿಸಿದರು. ಇಲ್ಲಿ ಹೊಸ ಮನೆಯೂ ಇಲ್ಲ, ಹೊಸ ಕಾಯಿಯೂ ಇಲ್ಲ. ಹಳೆಯ ಹಾಸಿನ ಮೇಲೆ ಒಂದು ಹೊಸ ನಿಯಮ ಮಾತ್ರ. ಮೊದಲನೆಯದು ಆಟದ ವಿಸ್ತಾರ, ಎರಡನೆಯದು ಆಟದ ಆಳ. ಈ ಎರಡು ಅಳತೆಗಳಿಂದ ನಮ್ಮ ಆಟವನ್ನು ನೋಡೋಣ.

ಮೊದಲು ವಿಸ್ತಾರ. 2004ರ ಆಟದ ಭೂಪಟದಲ್ಲಿ ಭಾರತವೇ ಇರಲಿಲ್ಲ. ಎರಡನೆಯ ಆವೃತ್ತಿ ಹೊರಬಂದಾಗಲೂ ಇರಲಿಲ್ಲ; 2014ರಲ್ಲಿ ‘ರಾಜಾಸ್ ಆಫ್ ಇಂಡಿಯಾ’ ಎಂಬ ಅನುಬಂಧವನ್ನು ಬೇರೆ ಬೆಲೆ ತೆತ್ತು ಕೊಂಡವರಿಗೆ ಮಾತ್ರ ಅಲ್ಲಿಯ ಅರಸರಾಗಿ ಆಡುವ ಅವಕಾಶ ದೊರೆಯಿತು. ಮೂರನೆಯದರಲ್ಲಿ ಮೊದಲ ದಿನದಿಂದಲೇ ಭಾರತವಿದೆ, ಕನ್ನಡವೆಂಬ ಹೆಸರಿನ ಸಂಸ್ಕೃತಿಯೂ ಇದೆ. ಆಟವನ್ನು ಕ್ರಿ.ಶ. 867ರಿಂದ ಆರಂಭಿಸಿದರೆ ಮಾನ್ಯಖೇಟದ ಅಮೋಘವರ್ಷನಾಗಿ ರಾಷ್ಟ್ರಕೂಟ ಸಾಮ್ರಾಜ್ಯವನ್ನು ಆಳಬಹುದು. 1066ರಿಂದ ಆರಂಭಿಸಿದರೆ ಕಲ್ಯಾಣದ ಚಾಲುಕ್ಯರ ಕಾಲ. ನ್ಯೂಜೆರ್ಸಿಯ ಶಾಲೆಯಲ್ಲಿ ಷಾರ್ಲಮೇನನ ಹೆಸರು ಕೇಳಿದ ಹುಡುಗಿಗೆ ಅದೇ ಭೂಪಟದಲ್ಲಿ ಕಲಬುರಗಿ ಸೀಮೆಯ ಅರಸನೂ ಸಮಾನ ಗೌರವದಿಂದ ಕಾಣಸಿಗುವುದು ಸಣ್ಣ ಮಾತಲ್ಲ. ಇದು ಔದಾರ್ಯವೂ ಅಲ್ಲ, ನ್ಯಾಯ. ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿ ಬಂದಿರುವ ಕ್ರಿ.ಶ. 851ರ ವೃತ್ತಾಂತವು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ ಮತ್ತು ರೋಮಿನ ಅರಸರೊಡನೆ ಬಲ್ಹರಾನನ್ನು, ಎಂದರೆ ರಾಷ್ಟ್ರಕೂಟ ದೊರೆಯನ್ನು, ಎಣಿಸಿದೆ.

ಆದರೂ ವಿಸ್ತಾರದಲ್ಲಿ ಎಲ್ಲವೂ ಲಾಭವಲ್ಲ. ಎರಡನೆಯ ಆವೃತ್ತಿಗೆ 2013ರಲ್ಲಿ ಬಂದ ಅನುಬಂಧದಿಂದ ವೆನಿಸ್ಸಿನಂಥ ವಣಿಕ ಗಣರಾಜ್ಯಗಳನ್ನೂ ಆಡಬಹುದಾಗಿತ್ತು. ಮೂರನೆಯದು ಹೊರಬಂದಾಗ ಆ ಅವಕಾಶ ಇರಲಿಲ್ಲ. ಐಹೊಳೆಯ ಐನೂರ್ವರು ಕಡಲಾಚೆಗೂ ವ್ಯಾಪಾರ ನಡೆಸಿದ ನಾಡಿನವರಾದ ನಮಗೆ, ಅರಸನಲ್ಲದವನ ಕಣ್ಣಿನಿಂದ ಆ ಕಾಲವನ್ನು ನೋಡುವ ಕಿಟಕಿಯೊಂದು ಮುಚ್ಚಿದಂತಾಯಿತು. ಭೂಮಿಯಿಲ್ಲದವನಾಗಿ ಆಡುವ ಅವಕಾಶವೂ ಮೂರನೆಯ ಆಟಕ್ಕೆ 2024ರವರೆಗೆ ಬರಲಿಲ್ಲ. ಅಲ್ಲಿಯ ತನಕ ಕಡೆಯ ತುಂಡು ನೆಲ ಕೈಬಿಟ್ಟರೆ ಆಟವೇ ಮುಗಿಯುತ್ತಿತ್ತು.

ಇನ್ನು ಆಳ. ನನ್ನ ದೃಷ್ಟಿಯಲ್ಲಿ ಮೂರನೆಯ ಆವೃತ್ತಿ ನಿಜವಾಗಿ ಮೇಲೇರಿರುವುದು ಇಲ್ಲಿ. ಹಿಂದಿನ ಆಟದಲ್ಲೂ ಅರಸನಿಗೆ ದಯೆ, ಕ್ರೌರ್ಯ, ಲೋಭ ಮುಂತಾದ ಗುಣಗಳಿದ್ದವು. ಆದರೆ ಅವು ಬಹುಮಟ್ಟಿಗೆ ಅಂಕಿಗಳಾಗಿದ್ದವು. ದಯಾಳುವಾದ ಅರಸನಿಂದ ಸೆರೆಯಾಳುಗಳ ತಲೆ ಕಡಿಸಿದರೂ ಆಡುವವನ ಕೈ ನಡುಗಬೇಕಾಗಿರಲಿಲ್ಲ. ಮೂರನೆಯ ಆಟದಲ್ಲಿ ಮನೋಭಾರವೆಂಬ ಒಂದು ಲೆಕ್ಕ ಸೇರಿತು. ಅರಸ ತನ್ನ ಸ್ವಭಾವಕ್ಕೆ ವಿರುದ್ಧವಾಗಿ ನಡೆದಾಗಲೆಲ್ಲ ಅದು ಏರುತ್ತದೆ. ಮಿತಿಮೀರಿದರೆ ಅವನು ಕುಸಿಯುತ್ತಾನೆ, ದುಶ್ಚಟಗಳಿಗೆ ಬೀಳುತ್ತಾನೆ, ಸಾಯಲೂಬಹುದು. ಮುಮ್ಮಡಿಯವರ ಕುದುರೆಯ ಹಾಗೆ, ಒಂದೇ ನಿಯಮದಿಂದ ಹಳೆಯ ಹಾಸು ಹೊಸದಾಯಿತು.

ಈ ನಿಯಮಕ್ಕೆ ಅಮೋಘವರ್ಷನಿಗಿಂತ ಒಪ್ಪುವ ಅರಸ ಸಿಗುವುದು ಕಷ್ಟ. ಬಾಲಕನಾಗಿ ಸಿಂಹಾಸನವೇರಿ 60ಕ್ಕೂ ಹೆಚ್ಚು ವರ್ಷ ಆಳಿದವನು ಅವನು. ಗಂಗರೊಡನೆ ಬಹುಕಾಲದ ವೈರವನ್ನು ಮಗಳು ಚಂದ್ರಬ್ಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟು ಶಮನಗೊಳಿಸಿದನು. ಪ್ರಜೆಗಳಿಗೊದಗಿದ ವಿಪತ್ತು ನೀಗಲೆಂದು ತನ್ನ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಕ್ರಿ.ಶ. 871ರ ಸಂಜಾನ್ ತಾಮ್ರಶಾಸನ ಹೇಳುತ್ತದೆ. ಇಂಥವನ ಪಾತ್ರ ವಹಿಸಿದ ಹುಡುಗ ದಂಡೆತ್ತಿ ಹೋಗುವ ಮುನ್ನ ‘ಇದನ್ನು ಮಾಡಬಲ್ಲೆನೇ’ ಎಂದಷ್ಟೇ ಅಲ್ಲ, ‘ಇವನು ಇದನ್ನು ಮಾಡುವವನೇ’ ಎಂದೂ ಯೋಚಿಸುತ್ತಾನೆ. ಚರಿತ್ರೆಯ ಅಧ್ಯಯನ ಆರಂಭವಾಗುವುದು ಇಂಥ ಯೋಚನೆಯಿಂದಲೇ.

ಆದರೆ ಆಟದ ಆಳಕ್ಕೂ ಒಂದು ತಳವಿದೆ. ಅಮೋಘವರ್ಷ ನಮಗೆ ನೃಪತುಂಗನಾಗಿ ಪ್ರಾತಃಸ್ಮರಣೀಯನಾದದ್ದು ಗೆದ್ದ ಕೋಟೆಗಳಿಂದಲ್ಲ, ಅವನ ಆಸ್ಥಾನದಲ್ಲಿ ಶ್ರೀವಿಜಯನಿಂದ ರೂಪುಗೊಂಡ ‘ಕವಿರಾಜಮಾರ್ಗ’ದಿಂದ, ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ಕಾವೇರಿಯಿಂದ ಗೋದಾವರಿಯವರೆಗಿನ ನೆಲವನ್ನು ಅದು ಗುರುತಿಸಿದ್ದು ಅರಸನ ಹೆಸರಿನಿಂದಲ್ಲ, ಅಲ್ಲಿಯ ಜನರ ನುಡಿಯಿಂದ. ಮೂರನೆಯ ಆಟಕ್ಕೆ 2022ರಲ್ಲಿ ಬಂದ ಪರಿಷ್ಕರಣದಲ್ಲಿ ಅರಸನು ಬೇರೆ ಭಾಷೆ ಕಲಿಯುವ ಅವಕಾಶವೂ ಸೇರಿತು. ಆ ಭಾಷೆಯ ಪ್ರಜೆಗಳನ್ನೂ ಸಾಮಂತರನ್ನೂ ಒಲಿಸಿಕೊಳ್ಳಲು ಅದು ಸಹಾಯಕ. ಅಲ್ಲಿ ಭಾಷೆ ಆಳುವವನ ಉಪಕರಣ. ‘ಕವಿರಾಜಮಾರ್ಗ’ದಲ್ಲಿ ಭಾಷೆಯೇ ನಾಡು. ಈ ವ್ಯತ್ಯಾಸವನ್ನು ಮೂರು ಆವೃತ್ತಿಗಳಲ್ಲಿ ಯಾವುದೂ ದಾಟಿಲ್ಲ. ರಾಷ್ಟ್ರಕೂಟರ ರಾಜ್ಯ ಕ್ರಿ.ಶ. 973ರಲ್ಲಿ ಅಳಿಯಿತು, ಆಟದ ಲೆಕ್ಕದಲ್ಲಿ ಅದು ಸೋಲು. ಆದರೆ ಅವರ ಅರಮನೆ ಪೋಷಿಸಿದ ನುಡಿಯನ್ನು ಸಾವಿರ ವರ್ಷಗಳ ಮೇಲೆ, ಅಟ್ಲಾಂಟಿಕ್ ಸಾಗರದ ಈಚೆಗೆ, ನಾವು ಈ ಸಭೆಯಲ್ಲಿ ಆಡುತ್ತಿದ್ದೇವೆ. ಈ ಗೆಲುವನ್ನು ಎಣಿಸುವ ಅಂಕಣ ಆ ಪರದೆಯಲ್ಲಿಲ್ಲ.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ಮೂರನೆಯ ಆವೃತ್ತಿ ಹಿಂದಿನ ಎರಡಕ್ಕಿಂತ ಉತ್ತಮ. ಭೂಪಟ ಹಿಗ್ಗಿದ್ದಕ್ಕಿಂತಲೂ ಮನುಷ್ಯಸ್ವಭಾವಕ್ಕೆ ತೂಕ ಕೊಟ್ಟದ್ದು ಅದರ ಹೆಚ್ಚುಗಾರಿಕೆ. ವಣಿಕರನ್ನು ಕೈಬಿಟ್ಟದ್ದು ಕೊರತೆ. ನಾಡೆಂದರೆ ಅರಸೊತ್ತಿಗೆ ಎಂಬ ಹಳೆಯ ನಂಬಿಕೆಯಲ್ಲೇ ನಿಂತದ್ದು ಅದರ ಮಿತಿ.

ತಂದೆತಾಯಿಗಳಲ್ಲಿ ನನ್ನ ವಿನಂತಿಯೊಂದಿದೆ. ಆಟವನ್ನು ನಿಷೇಧಿಸಬೇಡಿ, ಕಣ್ಣುಮುಚ್ಚಿ ಬಿಟ್ಟುಬಿಡಲೂಬೇಡಿ. ಒಂದು ಸಂಜೆ ಪಕ್ಕದಲ್ಲಿ ಕುಳಿತು, ಮಳಖೇಡ ಎಲ್ಲಿದೆ ತೋರಿಸೆಂದು ಮಗನನ್ನೋ ಮಗಳನ್ನೋ ಕೇಳಿರಿ. ಅವರು ತೋರಿಸಿದ ಮೇಲೆ, ಆ ಊರಿನ ಅರಸ ಬರೆಸಿದ ಪುಸ್ತಕದ ಕಥೆಯನ್ನು ನೀವು ಹೇಳಿರಿ. ಆಟ ಬಿಟ್ಟ ಜಾಗವನ್ನು ತುಂಬುವ ಕೆಲಸ ಸ್ವೀಡನ್ನಿನವರದಲ್ಲ, ನಮ್ಮದು.