ದಫನ ಭೂಮಿ ಮತ್ತು ನಮ್ಮ ಹೊಣೆ

(ಜಮಾಅತ್ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಗೋರಿಗಳ ಸಂದರ್ಶನವನ್ನು ಪ್ರವಾದಿ(ಸ)ರವರು ಆರಂಭದಲ್ಲಿ ತಡೆದಿದ್ದರು. ಬಳಿಕ, ಅದು ಪರಲೋಕವನ್ನು ನೆನಪಿಸುತ್ತದೆಂಬ ಕಾರಣಕ್ಕಾಗಿ ಅನುಮತಿಸಿದರು. ಗೋರಿಗೆ ಗಾರೆ ಹಚ್ಚುವುದನ್ನೂ ಅದರ ಮೇಲೆ ಕಟ್ಟಡ ಕಟ್ಟುವುದನ್ನೂ ನಿಷೇಧಿಸಿದರು. ಆದರೆ ಉಸ್ಮಾನ್ ಬಿನ್ ಮಝ್‌ಊನ್(ರ)ರ ದಫನವಾದಾಗ ಅವರೇ ಕಲ್ಲೊಂದನ್ನು ತಂದು ತಲೆಯ ಬಳಿ ಇರಿಸಿದರು. ತಮ್ಮ ಕುಟುಂಬದವರನ್ನು ಸಮೀಪದಲ್ಲೇ ದಫನ ಮಾಡಲು ಗುರುತಿರಲಿ ಎಂಬುದು ಅದರ ಉದ್ದೇಶವಾಗಿತ್ತು. ಆಡಂಬರ ಬೇಡ, ಗುರುತಿರಲಿ ಎಂಬುದೇ ಇದರ ಪಾಠ.

ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಕೆಲವೆಡೆ ಅಮೃತಶಿಲೆಯ ಗೋರಿಗಳಿವೆ, ದಫನದ ಪುಸ್ತಕವಿಲ್ಲ. ಅಜ್ಜನ ಗೋರಿ ಎಲ್ಲಿದೆಯೆಂದು ಮೊಮ್ಮಕ್ಕಳು ಕೇಳಿದರೆ ಹುಣಸೆ ಮರದತ್ತ ಕೈ ತೋರಿಸುತ್ತೇವೆ. ಮರ ಉರುಳಿದ ದಿನ ಆ ಗುರುತೂ ಅಳಿಯುತ್ತದೆ. ಸ್ಥಳಾಭಾವದಿಂದ ಹಳೆಯ ಗೋರಿಗಳಲ್ಲೇ ಮತ್ತೆ ದಫನ ನಡೆಯುವ ಪಟ್ಟಣಗಳಲ್ಲಂತೂ ಬರಹವೊಂದೇ ಆಸರೆ.

ಇದು ಬರೇ ಭಾವನೆಯ ಪ್ರಶ್ನೆಯಲ್ಲ. ಇಸ್ಲಾಮಿನ ವಾರಸು ನಿಯಮದಲ್ಲಿ ಯಾರು ಮೊದಲು ತೀರಿಕೊಂಡರು ಎಂಬುದು ನಿರ್ಣಾಯಕ. ತಂದೆ ಮರಣ ಹೊಂದಿದಾಗ ಜೀವಂತವಿದ್ದ ಮಗಳಿಗೆ ಪಾಲಿದೆ. ಆ ದಿನಾಂಕವೇ ಮಸುಕಾದರೆ ಆಕೆಯ ಹಕ್ಕನ್ನು ಕಬಳಿಸುವುದು ಸುಲಭ. ಪೌತಿ ಖಾತೆಗೆ ಅಲೆಯುವ ಕುಟುಂಬಗಳ ಬವಣೆಯನ್ನು ನಾವು ಕಂಡಿದ್ದೇವೆ. 1969ರ ಜನನ ಮರಣ ನೋಂದಣಿ ಕಾನೂನಿನ ಪ್ರಕಾರ ಮರಣವನ್ನು 21 ದಿನಗಳೊಳಗೆ ತಿಳಿಸಬೇಕು. ವರ್ಷ ಕಳೆದರೆ ಅಧಿಕಾರಿಯ ಆದೇಶ ಬೇಕಾಗುತ್ತದೆ. ಆಗ ಮಸೀದಿಯ ಹಳೆಯ ಪುಸ್ತಕದ ಒಂದು ಸಾಲು ಕೂಡ ಪೂರಕ ಸಾಕ್ಷ್ಯವಾಗಬಲ್ಲದು.

ಪುಸ್ತಕವಿರುವೆಡೆಯೂ ಒಂದು ಅನ್ಯಾಯವಿದೆ. ಗಂಡಸರ ಹೆಸರಿರುತ್ತದೆ, ಹೆಂಗಸರು ಕೇವಲ 'ಇಂತಹವರ ಪತ್ನಿ' ಆಗಿರುತ್ತಾರೆ. ಖದೀಜಾ(ರ), ಫಾತಿಮಾ(ರ)ರ ಹೆಸರುಗಳನ್ನು ಅಭಿಮಾನದಿಂದ ಹೇಳುವ ನಾವು ನಮ್ಮ ಅಜ್ಜಿಯ ಹೆಸರನ್ನು ಬರೆಯಲು ಸಂಕೋಚಪಡುವುದೇಕೆ?

ಇನ್ನು ಭೂಮಿಯ ಪ್ರಶ್ನೆ. ನಮ್ಮ ಅನೇಕ ದಫನ ಭೂಮಿಗಳಿಗೆ ದಾನಪತ್ರವಿಲ್ಲ, ತಲೆಮಾರುಗಳ ಬಳಕೆಯೇ ಆಧಾರ. 2025ರ ವಕ್ಫ್ ತಿದ್ದುಪಡಿ ಕಾನೂನು 'ಬಳಕೆಯಿಂದ ವಕ್ಫ್' ಎಂಬ ಆಧಾರವನ್ನೇ ಕಿತ್ತುಹಾಕಿತು. ಮೊದಲೇ ನೋಂದಣಿಯಾದವುಗಳಿಗೆ, ಅವು ವಿವಾದಕ್ಕೊಳಗಾಗಿರದಿದ್ದರೆ ಮತ್ತು ಸರಕಾರಿ ಸೊತ್ತೆಂದಾಗಿರದಿದ್ದರೆ, ಮಾತ್ರ ವಿನಾಯಿತಿ ನೀಡಿತು. ಈ ಕಾನೂನನ್ನು ಟೀಕಿಸಲು ನಮಗೆ ನ್ಯಾಯವಾದ ಕಾರಣಗಳಿವೆ. ಆದರೆ ದಶಕಗಳ ಕಾಲ ನೋಂದಣಿಯ ಅವಕಾಶವಿದ್ದೂ ಮಲಗಿದ್ದ ಆಡಳಿತ ಸಮಿತಿಗಳನ್ನು ಪ್ರಶ್ನಿಸುವವರಾರು?

ಆದ್ದರಿಂದ ಪ್ರತಿಯೊಂದು ಜಮಾಅತ್ ಇಂದೇ ಪುಸ್ತಕವೊಂದನ್ನು ತೆರೆಯಲಿ. ಮೃತರ ಹೆಸರು, ತಂದೆ ತಾಯಿಯರ ಹೆಸರು, ಮರಣದ ದಿನಾಂಕ, ದಫನದ ಸಾಲು ಇವಿಷ್ಟು ಅದರಲ್ಲಿರಲಿ. ಹಿರಿಯರ ನೆನಪುಗಳನ್ನು ಯುವಕರು ಬರೆದಿಡಲಿ. ಒಂದು ಪ್ರತಿ ಮಸೀದಿಯಲ್ಲೂ ಇನ್ನೊಂದು ಬೇರೆ ಕಡೆಯೂ ಇರಲಿ.

ನಾಳೆ ನಾವೂ ಅದೇ ಮಣ್ಣಿಗೆ ಸೇರಲಿರುವವರು. ಅಲ್ಲಾಹನ ಬಳಿ ನಮ್ಮ ದಾಖಲೆ ಪರಿಪೂರ್ಣವಾಗಿದೆ. ನಮ್ಮ ಕೈಯಲ್ಲಿರುವ ದಾಖಲೆಯನ್ನು ಸರಿಪಡಿಸುವ ಸದ್ಬುದ್ಧಿಯನ್ನು ಅವನು ನಮಗೆ ನೀಡಲಿ.